ಮನೆ ಮಾರುವವರು ಮೊದಲು ಬರೆದು ಕೊಡಲಿ: ಕಂದಾಯ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಕಂದಾಯ ಸಚಿವರಿಗೆ ಮತ್ತು ನೋಂದಣಿ ಮಹಾಪರಿವೀಕ್ಷಕರಿಗೆ ನಮಸ್ಕಾರ.

ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ಮನೆ, ಸೈಟು, ಫ್ಲಾಟು ಮಾರುವವರು ಆ ಸ್ವತ್ತಿನ ಬಗ್ಗೆ ತಮಗೆ ಗೊತ್ತಿರುವುದನ್ನು ಒಂದು ನಮೂನೆಯಲ್ಲಿ ಬರೆದು, ಸಹಿ ಮಾಡಿ, ಕೊಳ್ಳುವವರ ಕೈಗೆ ಕೊಡಬೇಕು. ಅದು ಅಗ್ರಿಮೆಂಟ್‌ಗೆ ಸಹಿ ಬೀಳುವ ಮೊದಲೇ ಆಗಬೇಕು. ಅಡ್ವಾನ್ಸ್ ಕೊಟ್ಟ ಮೇಲಲ್ಲ, ರಿಜಿಸ್ಟ್ರೇಷನ್ ದಿನವೂ ಅಲ್ಲ. ಇದನ್ನು ಕರ್ನಾಟಕದಲ್ಲಿ ಕಡ್ಡಾಯ ಮಾಡಿ.

ಮಾರುವವರು ಹೇಳಲೇಬೇಕು ಅನ್ನುವ ಕಾನೂನು ಹೊಸದಾಗಿ ಬರಬೇಕಿಲ್ಲ, ಆಗಲೇ ಇದೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಂ ತೆಗೆದು ನೋಡಿ. ಸ್ವತ್ತಿನಲ್ಲಾಗಲಿ, ಅದರ ಹಕ್ಕಿನಲ್ಲಾಗಲಿ ದೊಡ್ಡ ದೋಷ ಇದ್ದು, ಅದು ಮಾರುವವರಿಗೆ ಗೊತ್ತಿದ್ದು, ಕೊಳ್ಳುವವರಿಗೆ ಗೊತ್ತಿಲ್ಲದೆ, ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಾಣದೆ ಇದ್ದರೆ, ಮಾರುವವರು ಅದನ್ನು ಹೇಳಲೇಬೇಕು. ಹೇಳದೆ ಬಿಟ್ಟರೆ ಅದು ವಂಚನೆ ಎಂದೇ ಆ ಕಲಂ ಹೇಳುತ್ತದೆ. ಇಷ್ಟು ನೇರವಾದ ಮಾತು ನೂರ ನಲವತ್ತು ವರ್ಷಕ್ಕೂ ಹಿಂದೆಯೇ ಬರೆದಿಟ್ಟಿದ್ದಾರೆ. ಆದರೆ ಎಲ್ಲಿ ಹೇಳಬೇಕು, ಯಾವಾಗ ಹೇಳಬೇಕು, ಯಾವ ಕಾಗದದಲ್ಲಿ ಹೇಳಬೇಕು ಅನ್ನುವುದು ಅದರಲ್ಲಿಲ್ಲ. ಹಾಗಾಗಿ ಹೇಳಿದರೋ ಬಿಟ್ಟರೋ ಅನ್ನುವುದಕ್ಕೆ ದಾಖಲೆಯೇ ಉಳಿಯುವುದಿಲ್ಲ.

ನಮ್ಮಲ್ಲಿ ಅಗ್ರಿಮೆಂಟ್ ಹೇಗೆ ಆಗುತ್ತದೆ ಅಂತ ನಿಮಗೆ ಗೊತ್ತು. ಬ್ರೋಕರ್ ಮನೆ ತೋರಿಸುತ್ತಾರೆ. ರೇಟು ಕುದುರುತ್ತದೆ. ಒಳ್ಳೆ ದಿನ ನೋಡಿ ಟೋಕನ್ ಅಡ್ವಾನ್ಸ್ ಕೊಡುತ್ತಾರೆ. ಟೈಪಿಂಗ್ ಅಂಗಡಿಯ ಕಂಪ್ಯೂಟರಿನಲ್ಲಿ ಹಳೆಯ ಅಗ್ರಿಮೆಂಟ್ ಒಂದು ಇರುತ್ತದೆ. ಅದರಲ್ಲಿ ಹೆಸರು, ಚಕ್ಕುಬಂದಿ, ಮೊತ್ತ ಬದಲಾಯಿಸಿ ಪ್ರಿಂಟ್ ತೆಗೆಯುತ್ತಾರೆ. "ಸದರಿ ಸ್ವತ್ತಿನ ಮೇಲೆ ಯಾವುದೇ ಸಾಲ, ಅಡಮಾನ, ಜಪ್ತಿ, ಜಾಮೀನು, ಮೈನರ್ ಹಕ್ಕು, ಕೋರ್ಟ್ ತಕರಾರು ಇರುವುದಿಲ್ಲ. ಒಂದು ವೇಳೆ ಕಂಡುಬಂದಲ್ಲಿ ಸ್ವಂತ ಖರ್ಚಿನಿಂದ ಪರಿಹರಿಸಿಕೊಡಲು ಬದ್ಧನಾಗಿರುತ್ತೇನೆ." ಈ ಸಾಲು ಎಲ್ಲ ಅಗ್ರಿಮೆಂಟಲ್ಲೂ ಇರುತ್ತದೆ. ಸಾಲ ಇರುವ ಮನೆಯದರಲ್ಲೂ ಇರುತ್ತದೆ, ಕೇಸು ನಡೆಯುತ್ತಿರುವ ಸೈಟಿನದರಲ್ಲೂ ಇರುತ್ತದೆ. ಸಹಿ ಮಾಡುವವರು ಅದನ್ನು ಓದುವುದೂ ಇಲ್ಲ. ಯಾರೋ ಕೇಳಿದ ಪ್ರಶ್ನೆಗೆ ಉತ್ತರವಾಗಿ ಅದು ಬಂದದ್ದಲ್ಲವಲ್ಲ.

ಪ್ರಶ್ನೆ ಬಿಡಿಬಿಡಿಯಾಗಿ ಇದ್ದರೆ ಮಾತು ಬೇರೆ. "ಕಳೆದ ಐದು ವರ್ಷಗಳಲ್ಲಿ ಮಳೆನೀರು ಮನೆಯೊಳಗೆ ಬಂದಿದೆಯೇ? ಹೌದು, ಇಲ್ಲ" ಅಂತ ಎರಡು ಚೌಕ ಮುಂದಿಟ್ಟು ಕೈಗೆ ಪೆನ್ನು ಕೊಟ್ಟರೆ ಮನುಷ್ಯ ಒಂದು ಕ್ಷಣ ನಿಂತು ಯೋಚಿಸುತ್ತಾನೆ. "ಇಲ್ಲ" ಅಂತ ಟಿಕ್ ಹಾಕಿದರೆ ಅದು ಸುಳ್ಳು ಅಂತ ಅವನಿಗೇ ಗೊತ್ತಿರುತ್ತದೆ. ಆ ಕಾಗದ ನಾಳೆ ಕೋರ್ಟಿಗೆ ಹೋಗಬಹುದು ಅಂತಲೂ ಗೊತ್ತಿರುತ್ತದೆ.

ಮಳೆನೀರಿನ ಪ್ರಶ್ನೆ ಎತ್ತಿದ್ದಕ್ಕೆ ಕಾರಣ ಇದೆ. ನನ್ನ ಅಕ್ಕನ ಮಗಳು ಮತ್ತು ಅವಳ ಗಂಡ ಬೆಂಗಳೂರಿನ ಅಂಚಿನ ಒಂದು ಬಡಾವಣೆಯಲ್ಲಿ ಕಟ್ಟಿದ ಮನೆ ಕೊಂಡರು. ನೋಡಿದ್ದು ಬೇಸಿಗೆಯಲ್ಲಿ. ಹೊಸದಾಗಿ ಪೇಂಟ್ ಆಗಿತ್ತು. ಕಾಗದ ಪತ್ರ ಎಲ್ಲ ಸರಿ ಇತ್ತು, ಇ.ಸಿ. (ಸ್ವತ್ತಿನ ಮೇಲಿನ ಋಣಭಾರ ತೋರಿಸುವ ಪತ್ರ) ಶುದ್ಧವಾಗಿತ್ತು, ಬ್ಯಾಂಕಿನವರೂ ಲೋನ್ ಕೊಟ್ಟರು. ಗೃಹಪ್ರವೇಶಕ್ಕೆ ನಾನೂ ಹೋಗಿದ್ದೆ. ನೆಲಮಹಡಿಯ ಪ್ಲಗ್ ಪಾಯಿಂಟ್‌ಗಳೆಲ್ಲ ಎದೆಮಟ್ಟದಲ್ಲಿ ಇದ್ದವು. ಮಕ್ಕಳ ಕೈಗೆ ಸಿಗದಿರಲಿ ಅಂತ ಮಾಡಿಸಿರಬೇಕು ಅಂದುಕೊಂಡರು. ಮುಂಬಾಗಿಲ ಹೊಸ್ತಿಲು ಒಂದೂವರೆ ಅಡಿ ಎತ್ತರ. ಗೇಟಿನ ಎರಡೂ ಕಂಬಕ್ಕೆ ಕೆಳಗಡೆ ಕಬ್ಬಿಣದ ಚಾನೆಲ್ ಕೂಡಿಸಿದ್ದರು. ಯಾತಕ್ಕೆ ಅಂತ ಯಾರಿಗೂ ಹೊಳೆಯಲಿಲ್ಲ. ಮುಂಗಾರಿನ ಒಂದು ರಾತ್ರಿ ಜೋರು ಮಳೆ ಬಂದಾಗ ತಿಳಿಯಿತು. ರಸ್ತೆಯ ನೀರು ಒಳಗೆ ಬಾರದಂತೆ ಹಲಗೆ ಇಳಿಬಿಡಲು ಆ ಚಾನೆಲ್. ಕುಡಿಯುವ ನೀರಿನ ಸಂಪಿನೊಳಗೆ ಚರಂಡಿ ನೀರು ಸೇರಿತು. ಕೆಳಗಿನ ಕೋಣೆಯ ಹಾಸಿಗೆ, ಬೀರು, ಪುಸ್ತಕ ಎಲ್ಲ ನೆನೆದವು. ಬೆಳಗ್ಗೆ ಪಕ್ಕದ ಮನೆಯವರು ಬಂದು "ಅವರು ಅದಕ್ಕೇ ಮಾರಿದ್ದು, ನಿಮಗೆ ಹೇಳ್ಲಿಲ್ವಾ?" ಅಂದರು.

ಈಗ 55ನೇ ಕಲಂ ಹಿಡಿದು ಕೋರ್ಟಿಗೆ ಹೋದರೆ ಏನಾಗುತ್ತದೆ ಯೋಚಿಸಿ. ಮಾರಿದವರು "ಹೇಳಿದ್ದೆವು" ಅನ್ನಬಹುದು. ಬಾಯಿಮಾತಿಗೆ ಸಾಕ್ಷಿ ಯಾರು? ಅಥವಾ "ಪ್ಲಗ್ ಪಾಯಿಂಟು, ಹೊಸ್ತಿಲು, ಚಾನೆಲ್ಲು ಕಣ್ಣೆದುರಿಗೇ ಇದ್ದವಲ್ಲ, ಸಾಮಾನ್ಯ ಎಚ್ಚರಿಕೆಯಿಂದ ನೋಡಿದ್ದರೆ ಗೊತ್ತಾಗುತ್ತಿತ್ತು" ಅನ್ನಬಹುದು. ಕಾನೂನಿನ ಮಾತುಗಳನ್ನೇ ತಿರುಗಿಸಿ ಹೊಡೆದ ಹಾಗೆ. 1872ರ ಕರಾರು ಕಾಯ್ದೆಯ 19ನೇ ಕಲಂ ಕೂಡ, ಸುಮ್ಮನಿದ್ದು ಮೋಸ ಮಾಡಿದ್ದರೂ, ಸಾಮಾನ್ಯ ಎಚ್ಚರಿಕೆಯಿಂದ ಸತ್ಯ ತಿಳಿದುಕೊಳ್ಳಲು ದಾರಿ ಇತ್ತು ಅಂದರೆ ಕರಾರು ರದ್ದು ಮಾಡಲು ಬಿಡುವುದಿಲ್ಲ. ವರ್ಷಗಟ್ಟಲೆ ಅಲೆದಾಟ, ವಕೀಲರ ಫೀಸು, ಜೊತೆಗೆ ಮನೆ ಸಾಲದ ಕಂತು. ಅಕ್ಕನ ಮಗಳ ಮನೆಯವರು ಕೇಸು ಹಾಕಲೇ ಇಲ್ಲ. ಯಾರನ್ನು ಕೇಳಿದರೂ "ಬಿಟ್ಟುಬಿಡಿ" ಅಂದರು.

ಕೊಳ್ಳುವವರೇ ಎಲ್ಲ ವಿಚಾರಿಸಿಕೊಳ್ಳಬೇಕಪ್ಪ ಅನ್ನುವವರು ಇದ್ದಾರೆ. ವಿಚಾರಿಸುತ್ತಾರೆ ಸ್ವಾಮಿ. ಆದರೆ ವಿಚಾರಿಸಿದರೂ ಸಿಗದ ಸಂಗತಿಗಳು ಎಷ್ಟಿವೆ ಅಂತ ನಿಮ್ಮ ಇಲಾಖೆಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಇ.ಸಿ.ಯಲ್ಲಿ ನೋಂದಣಿಯಾದ ಪತ್ರಗಳು ಮಾತ್ರ ಬರುತ್ತವೆ. ಬರೀ ಸ್ಟ್ಯಾಂಪ್ ಪೇಪರಿನಲ್ಲಿ ಬೇರೆಯವರ ಜೊತೆ ಆಗಲೇ ಒಂದು ಅಗ್ರಿಮೆಂಟ್ ಮಾಡಿಕೊಂಡು ಅಡ್ವಾನ್ಸ್ ತೆಗೆದುಕೊಂಡಿದ್ದರೆ ಅದು ಇ.ಸಿ.ಯಲ್ಲಿ ಕಾಣುವುದಿಲ್ಲ. ನೆಂಟರ ಮಧ್ಯೆ ಪಾಲಿನ ಜಗಳ ಇದ್ದರೆ ಕಾಣುವುದಿಲ್ಲ. ಬ್ಯಾಂಕಿನ ವಕೀಲರು ಕೊಡುವ ಲೀಗಲ್ ಒಪಿನಿಯನ್ ಬ್ಯಾಂಕಿನ ಸಾಲ ಕಾಪಾಡಲು ಇರುವಂಥದ್ದು. ಗೋಡೆ ನೆನೆಯುತ್ತದೋ, ಬೋರ್‌ವೆಲ್ ಬತ್ತಿದೆಯೋ ಅದರಲ್ಲಿ ಇರುವುದಿಲ್ಲ. ಆದರೂ ಜನ "ಬ್ಯಾಂಕೇ ಲೋನ್ ಕೊಟ್ಟಿದೆ, ಇನ್ನೇನು ಭಯ" ಅಂತ ನಂಬುತ್ತಾರೆ.

ಇನ್ನೊಂದು ಪದ್ಧತಿ ನೋಡಿ. ಸ್ವತ್ತು ಕೊಳ್ಳುವ ಮೊದಲು ಕೊಳ್ಳುವವರ ವಕೀಲರು ಪೇಪರಿನಲ್ಲಿ ಸಾರ್ವಜನಿಕ ಪ್ರಕಟಣೆ ಕೊಡುತ್ತಾರೆ. "ಈ ಸ್ವತ್ತಿನ ಮೇಲೆ ಯಾರದಾದರೂ ಹಕ್ಕು, ತಕರಾರು ಇದ್ದರೆ ಇಷ್ಟು ದಿನದೊಳಗೆ ತಿಳಿಸಿ" ಅಂತ. ದುಡ್ಡು ಕೊಟ್ಟು ಊರಿಗೆಲ್ಲ ಕೇಳುತ್ತೇವೆ. ಎಲ್ಲರಿಗಿಂತ ಹೆಚ್ಚು ಗೊತ್ತಿರುವ ಒಬ್ಬರನ್ನು, ಅಂದರೆ ಮಾರುವವರನ್ನು ಮಾತ್ರ, ಬರವಣಿಗೆಯಲ್ಲಿ ಕೇಳುವುದಿಲ್ಲ.

ಪಾಲಿನ ವಿಷಯಕ್ಕೆ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ. ಕರ್ನಾಟಕದಲ್ಲಿ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಹಕ್ಕು ಕೊಡುವ ತಿದ್ದುಪಡಿ ಬಂತು. 2005ರಲ್ಲಿ ದೇಶಕ್ಕೆಲ್ಲ ಬಂತು. 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ವಿನೀತಾ ಶರ್ಮಾ ಪ್ರಕರಣದಲ್ಲಿ, ಆ ಹಕ್ಕು ಹುಟ್ಟಿನಿಂದಲೇ ಬರುತ್ತದೆ, 2005ರಲ್ಲಿ ತಂದೆ ಬದುಕಿರಬೇಕಾದ ಅಗತ್ಯ ಇಲ್ಲ ಅಂತ ಸ್ಪಷ್ಟ ಮಾಡಿತು. ಇದು ಆಗಬೇಕಾದ ನ್ಯಾಯ. ಆದರೂ ಎಷ್ಟೋ ಮನೆಗಳಲ್ಲಿ ಅಣ್ಣತಮ್ಮಂದಿರು ಅಕ್ಕತಂಗಿಯರನ್ನು ಬಿಟ್ಟು ಸೈಟು ಮಾರುತ್ತಾರೆ. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರೇ ಬಿಟ್ಟುಹೋಗಿರುತ್ತದೆ. ಆಮೇಲೆ ತಂಗಿ ಪಾಲಿಗೆ ದಾವೆ ಹಾಕುತ್ತಾಳೆ, ಸಮನ್ಸ್ ಕೊಂಡವರ ಮನೆಗೂ ಬರುತ್ತದೆ. ಅವಳದ್ದೂ ತಪ್ಪಿಲ್ಲ, ಕೊಂಡವರದ್ದೂ ತಪ್ಪಿಲ್ಲ. ಮಾರುವಾಗಲೇ ದಾವೆ ನಡೆಯುತ್ತಿದ್ದರೆ ಇನ್ನೂ ಕಷ್ಟ. ಸ್ವತ್ತು ವರ್ಗಾವಣೆ ಕಾಯ್ದೆಯ 52ನೇ ಕಲಂ ಪ್ರಕಾರ, ಕೇಸಿನ ನಡುವೆ ಕೊಂಡವರು ಆ ಕೇಸಿನ ತೀರ್ಪಿಗೆ ತಲೆಬಾಗಲೇಬೇಕು. ನನಗೆ ಕೇಸಿನ ವಿಷಯವೇ ಗೊತ್ತಿರಲಿಲ್ಲ ಅಂದರೂ ನಡೆಯುವುದಿಲ್ಲ. "ನಿಮ್ಮ ತಂದೆತಾಯಿಗೆ ಒಟ್ಟು ಮಕ್ಕಳೆಷ್ಟು? ಎಲ್ಲರ ಹೆಸರು ಬರೆಯಿರಿ. ಈ ಸ್ವತ್ತಿನ ಮೇಲೆ ಯಾವುದಾದರೂ ಕೇಸು ಇದೆಯೇ? ನಂಬರ್ ಬರೆಯಿರಿ" ಅಂತ ನಮೂನೆಯಲ್ಲಿ ಎರಡು ಪ್ರಶ್ನೆ ಇದ್ದರೆ, ಎಷ್ಟು ತಂಗಿಯರ ಹಕ್ಕು ಉಳಿಯುತ್ತದೆ, ಎಷ್ಟು ಕೊಂಡವರ ದುಡ್ಡು ಉಳಿಯುತ್ತದೆ.

ಮಂಜೂರಾದ ಜಮೀನಿನದೂ ಹಾಗೇ. 1978ರ ಪಿ.ಟಿ.ಸಿ.ಎಲ್. ಕಾಯ್ದೆ ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಕೊಟ್ಟ ಭೂಮಿಯನ್ನು ಕಾಪಾಡಲು ಬಂದದ್ದು. ಅದು ಇರಬೇಕು. ಸರ್ಕಾರದ ಅನುಮತಿ ಇಲ್ಲದೆ ಅಂಥ ಭೂಮಿ ಮಾರಿದರೆ ಆ ಮಾರಾಟ ಅಸಿಂಧು. ಆದರೆ ಅದನ್ನು ಸೈಟು ಮಾಡಿ ಮೂರನೇ, ನಾಲ್ಕನೇ ಕೈಗೆ ದಾಟಿಸಿದವರು ದುಡ್ಡು ಎಣಿಸಿಕೊಂಡು ಹೋಗಿರುತ್ತಾರೆ. ಮೂಲ ಮಂಜೂರಾತಿಯ ವಿಷಯ ಕೊನೆಗೆ ಕೊಂಡವನಿಗೆ ತಿಳಿಯುವುದು ನೋಟಿಸ್ ಬಂದಾಗ.

ಭೋಗ್ಯದ ಮಾತು ಬೆಂಗಳೂರು, ಮೈಸೂರಿನವರಿಗೆ ಹೊಸದಲ್ಲ. ಮೇಲಿನ ಮನೆಯನ್ನು ಲಕ್ಷಗಟ್ಟಲೆ ದುಡ್ಡಿಗೆ ಲೀಸ್ ಕೊಟ್ಟಿರುತ್ತಾರೆ. "ಬಾಡಿಗೆಗೆ ಇದ್ದಾರೆ, ಖಾಲಿ ಮಾಡಿಸ್ತೀವಿ" ಅಂತ ಹೇಳಿ ಮಾರುತ್ತಾರೆ. ಆ ದುಡ್ಡು ವಾಪಸ್ ಕೊಡಬೇಕಾದವರು ಯಾರು? ಮನೆಯಲ್ಲಿ ಒಬ್ಬರು ವಾಸ ಇದ್ದಾರೆ ಅಂದರೆ, ಅವರಿಗೆ ಏನು ಹಕ್ಕಿದೆ ಅನ್ನುವುದು ಕೊಳ್ಳುವವರಿಗೆ ತಿಳಿದಿದೆ ಅಂತಲೇ ಕಾನೂನು ಭಾವಿಸುತ್ತದೆ. ಲೀಸಿಗಿರುವ ಕುಟುಂಬವೂ ತಮ್ಮ ಉಳಿತಾಯವೆಲ್ಲ ಅದರಲ್ಲೇ ಹಾಕಿ ಕೂತಿರುತ್ತದೆ. ಅವರು ಹೊಸ ಮಾಲೀಕರನ್ನು ಕೇಳದೆ ಇನ್ಯಾರನ್ನು ಕೇಳಬೇಕು?

ಹೊಸ ಫ್ಲಾಟ್ ಕೊಳ್ಳುವವರಿಗೆ 2016ರ ರೇರಾ ಕಾಯ್ದೆ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ, ಸ್ವಲ್ಪ ಧೈರ್ಯ ಕೊಟ್ಟಿದೆ. ರೇರಾ ವ್ಯಾಪ್ತಿಗೆ ಬರುವ ಬಿಲ್ಡರ್ ಯೋಜನೆಯ ವಿವರವನ್ನು ವೆಬ್‌ಸೈಟಿನಲ್ಲಿ ಹಾಕಬೇಕು. ಜಮೀನಿನ ಹಕ್ಕು, ಸಾಲ, ಅನುಮತಿಗಳ ಬಗ್ಗೆ ಪ್ರಮಾಣಪತ್ರ ಕೊಡಬೇಕು. ಬರವಣಿಗೆಯ ಅಗ್ರಿಮೆಂಟ್ ಮಾಡಿ ನೋಂದಣಿ ಮಾಡಿಸುವ ಮೊದಲು ಶೇ 10ಕ್ಕಿಂತ ಜಾಸ್ತಿ ದುಡ್ಡು ತೆಗೆದುಕೊಳ್ಳುವಂತಿಲ್ಲ. ಜಾಹೀರಾತಿನಲ್ಲಿ ಸುಳ್ಳು ಹೇಳಿದರೆ ಪರಿಹಾರ ಕೊಡಬೇಕು. ಆದರೆ ಅದೇ ಫ್ಲಾಟನ್ನು ಕೊಂಡವರು ನಾಲ್ಕು ವರ್ಷ ಬಿಟ್ಟು ಇನ್ನೊಬ್ಬರಿಗೆ ಮಾರುವಾಗ ಇಂಥ ಯಾವ ಕಾಗದವೂ ಬೇಕಿಲ್ಲ. ಹಳೆ ಮನೆ, ಬಿಡಿ ಸೈಟು ಕೊಳ್ಳುವ ಮಧ್ಯಮ ವರ್ಗದವರನ್ನು ಕಾಯುವವರು ಯಾರೂ ಇಲ್ಲ.

ಬೇರೆ ಕಡೆ ಇದು ಹೇಗೆ ನಡೆಯುತ್ತದೆ ಅಂತ ಎರಡೇ ಉದಾಹರಣೆ ಕೊಡುತ್ತೇನೆ. ಅಮೆರಿಕದ ಟೆಕ್ಸಾಸ್‌ನಲ್ಲಿ ನಮ್ಮ ಕನ್ನಡದವರ ಮಕ್ಕಳೇ ಎಷ್ಟೋ ಜನ ಮನೆ ಕೊಂಡಿದ್ದಾರೆ, ಕೇಳಿ ನೋಡಿ. ಅಲ್ಲಿ ಹಳೆ ಮನೆ ಮಾರುವವರು ಕಾನೂನೇ ಗೊತ್ತು ಮಾಡಿದ ನಮೂನೆಯೊಂದನ್ನು ತುಂಬಿ ಕೊಡಬೇಕು. ಛಾವಣಿ, ಪಾಯ, ಗೆದ್ದಲು, ನಲ್ಲಿ, ವೈರಿಂಗು ಎಲ್ಲದರ ಬಗ್ಗೆ ಪ್ರಶ್ನೆ ಇರುತ್ತದೆ. ಕರಾರು ಆಗುವ ಹೊತ್ತಿಗೆ ಅದನ್ನು ಕೊಡದಿದ್ದರೆ, ಆಮೇಲೆ ಕೈಗೆ ಬಂದ ಏಳು ದಿನದೊಳಗೆ ಕೊಳ್ಳುವವರು ಕಾರಣ ಹೇಳದೆ ಹಿಂದೆ ಸರಿಯಬಹುದು. 2017ರಲ್ಲಿ ಹಾರ್ವೆ ಚಂಡಮಾರುತದಿಂದ ಹ್ಯೂಸ್ಟನ್ ಮುಳುಗಿತು. 2019ರಲ್ಲಿ ಅಲ್ಲಿನ ಶಾಸನಸಭೆ ಆ ನಮೂನೆಗೆ ಪ್ರವಾಹದ ಪ್ರಶ್ನೆಗಳನ್ನು ಇನ್ನಷ್ಟು ಸೇರಿಸಿತು. ನಮ್ಮಲ್ಲೂ 2022ರಲ್ಲಿ ಬೆಂಗಳೂರಿನ ಪೂರ್ವ ಭಾಗದ ಲೇಔಟುಗಳಲ್ಲಿ ಜನರನ್ನು ಟ್ರ್ಯಾಕ್ಟರು, ದೋಣಿಯಲ್ಲಿ ಸಾಗಿಸಿದ್ದು ನೆನಪಿದೆಯಲ್ಲವೇ? ಆಮೇಲೂ ಮನೆ ಮಾರುವವರನ್ನು ನೀರಿನ ಬಗ್ಗೆ ಬರವಣಿಗೆಯಲ್ಲಿ ಕೇಳುವ ಒಂದು ಪ್ರಶ್ನೆಯೂ ನಮ್ಮಲ್ಲಿ ಬರಲಿಲ್ಲ.

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯ 2025ರ ಆಗಸ್ಟ್ 1ರಿಂದ ಇಂಥದ್ದೇ ಕಾನೂನು ತಂದಿದೆ. ಕೊಳ್ಳುವವರು ಸಹಿ ಹಾಕುವ ಮೊದಲೇ ಮಾರುವವರು ನಮೂನೆ ಮತ್ತು ಅದಕ್ಕೆ ಬೇಕಾದ ಪತ್ರಗಳನ್ನು ಕೊಡಬೇಕು. ಕೊಡದಿದ್ದರೆ ಕ್ರಯ ಮುಗಿಯುವ ತನಕ ಕೊಳ್ಳುವವರು ಯಾವಾಗ ಬೇಕಾದರೂ ಕರಾರು ರದ್ದು ಮಾಡಬಹುದು. ಆದರೆ ಅವರ ನಮೂನೆಯಲ್ಲಿ ಪ್ರವಾಹದ ಇತಿಹಾಸ, ಕಟ್ಟಡದ ಗಟ್ಟಿತನ ಇಲ್ಲ. ಅದನ್ನು ನೀವೇ ನೋಡಿಕೊಳ್ಳಿ ಅಂತ ನಮೂನೆಯೇ ಎಚ್ಚರಿಸುತ್ತದೆ. ನನ್ನ ಪ್ರಕಾರ ಅದು ಅರ್ಧ ಕೆಲಸ. ನಮಗೆ ಕ್ವೀನ್ಸ್‌ಲ್ಯಾಂಡಿನ ಸಮಯದ ಶಿಸ್ತು ಬೇಕು, ಟೆಕ್ಸಾಸಿನ ಪ್ರಶ್ನೆಗಳು ಬೇಕು.

ನಮ್ಮ ನಮೂನೆಯಲ್ಲಿ ನಮ್ಮ ತೊಂದರೆಗಳೇ ಇರಬೇಕು. ಪಾಲಿಕೆಯ ಖಾತೆ ಎ (ಸಕ್ರಮ) ಆಗಿದೆಯೋ ಬಿ (ನಿಯಮಕ್ಕೆ ಹೊಂದದ್ದು) ಆಗಿದೆಯೋ. ನಕ್ಷೆ ಮಂಜೂರಾಗಿದೆಯೋ, ಮಂಜೂರಾದ ಹಾಗೇ ಕಟ್ಟಿದ್ದಾರೋ, ಪಾಲಿಕೆಯಿಂದ ನೋಟಿಸ್ ಬಂದಿದೆಯೋ. ಓ.ಸಿ., ಅಂದರೆ ಕಟ್ಟಡದಲ್ಲಿ ವಾಸಕ್ಕೆ ಕೊಡುವ ಅನುಮತಿ ಪತ್ರ, ಇದೆಯೋ ಇಲ್ಲವೋ. 2024ರ ಡಿಸೆಂಬರ್ 17ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಓ.ಸಿ. ಇಲ್ಲದ ಎಷ್ಟೋ ಹೊಸ ಕಟ್ಟಡಗಳಿಗೆ ಕರೆಂಟ್ ಕನೆಕ್ಷನ್ ಸಿಗದೆ ಜನ ಒದ್ದಾಡಿದ್ದನ್ನು ನೋಡಿದ್ದೇವೆ. ರಾಜಕಾಲುವೆ ಎಷ್ಟು ದೂರ. ಕಾವೇರಿ ನೀರು ಬರುತ್ತದೋ ಟ್ಯಾಂಕರೋ, ಬೇಸಿಗೆಯಲ್ಲಿ ಬೋರ್‌ವೆಲ್ ಏನಾಗುತ್ತದೆ. ಅಸೋಸಿಯೇಷನ್‌ಗೆ ಬಾಕಿ ಎಷ್ಟು. ಲಿಫ್ಟು, ಎಸ್.ಟಿ.ಪಿ. (ಕೊಳಚೆ ನೀರು ಶುದ್ಧೀಕರಿಸುವ ಘಟಕ) ದುರಸ್ತಿಗೆ ಎಲ್ಲರೂ ದುಡ್ಡು ಹಾಕಬೇಕು ಅಂತ ತೀರ್ಮಾನ ಆಗಿದೆಯೋ. ಪಕ್ಕದವರಿಗೆ ಓಡಾಡುವ ಹಕ್ಕು ಇದೆಯೋ. ಇವೆಲ್ಲ ಮಾರುವವರಿಗೆ ಬಾಯಿಪಾಠ ಇರುವ ಸಂಗತಿಗಳು. ಉತ್ತರ ಬರೆಯಲು ಒಂದು ಸಂಜೆ ಸಾಕು.

ಅರ್ಧ ಉತ್ತರ ನಿಮ್ಮ ಕಂಪ್ಯೂಟರಿನಲ್ಲೇ ಇದೆ. ನೋಂದಣಿಯ ತಂತ್ರಾಂಶ ಕಾವೇರಿ 2.0 ಇದೆ, ಇ-ಖಾತೆ ಇದೆ, ಪಹಣಿ ಇದೆ, ತೆರಿಗೆ ಬಾಕಿಯ ಲೆಕ್ಕ ಇದೆ. ಸ್ವತ್ತಿನ ಸಂಖ್ಯೆ ಹಾಕಿದರೆ ಇಷ್ಟು ತಾನಾಗಿ ತುಂಬಿಕೊಳ್ಳುವ ಹಾಗೆ ಮಾಡಬಹುದು. ಉಳಿದದ್ದನ್ನು ಮಾರುವವರು ತುಂಬಿ ಇ-ಸಹಿ ಹಾಕಲಿ. ಅದಕ್ಕೆ ದಿನಾಂಕ, ಸಂಖ್ಯೆ ಬೀಳಲಿ. ಅಗ್ರಿಮೆಂಟಿನಲ್ಲಿ ಆ ಸಂಖ್ಯೆ ಬರೆಯಲಿ. ಕ್ರಯಪತ್ರದ ಅರ್ಜಿ ಹಾಕುವಾಗ ಅದೇ ಸಂಖ್ಯೆ ಕೇಳಲಿ. ನಮೂನೆ ಅಗ್ರಿಮೆಂಟಿಗಿಂತ ಮೊದಲು ಬಂದಿಲ್ಲ ಅಂದರೆ ಕೊಳ್ಳುವವರು ಅಡ್ವಾನ್ಸ್ ಪೂರ್ತಿ ವಾಪಸ್ ತೆಗೆದುಕೊಂಡು ಹೊರಬರುವ ಹಕ್ಕು ಇರಲಿ. "ನಮೂನೆ ಬೇಡ ಅಂತ ಇಬ್ಬರೂ ಒಪ್ಪಿದ್ದೇವೆ" ಅಂತ ಅಗ್ರಿಮೆಂಟಿನಲ್ಲಿ ಒಂದು ಸಾಲು ಸೇರಿಸಿ ತಪ್ಪಿಸಿಕೊಳ್ಳಲು ಬಿಡಬೇಡಿ. 55ನೇ ಕಲಂ ಶುರುವಾಗುವುದೇ "ಬೇರೆ ಕರಾರು ಇಲ್ಲದಿದ್ದರೆ" ಅನ್ನುವ ಮಾತಿನಿಂದ. ಆ ಕಿಂಡಿ ಮುಚ್ಚಬೇಕು.

ದಯವಿಟ್ಟು ಇದನ್ನು ಬರೀ ಸುತ್ತೋಲೆಯಲ್ಲಿ ಮುಗಿಸಬೇಡಿ. ತಮಿಳುನಾಡು ನೋಂದಣಿ ನಿಯಮದಲ್ಲಿ, ಮಾರುವವರು ತಮ್ಮ ಹಕ್ಕಿನ ಮೂಲ ಪತ್ರ ತೋರಿಸದಿದ್ದರೆ ನೋಂದಣಿ ನಿರಾಕರಿಸಬಹುದು ಅಂತ ಇತ್ತು. 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಹಕ್ಕು ಯಾರದ್ದು ಅಂತ ನೋಡುವ ಅಧಿಕಾರ ಸಬ್ ರಿಜಿಸ್ಟ್ರಾರ್‌ಗೆ ಕಾಯ್ದೆ ಕೊಟ್ಟಿಲ್ಲ, ನಿಯಮ ಕಾಯ್ದೆಯನ್ನು ಮೀರುವ ಹಾಗಿಲ್ಲ ಅಂತ ಹೇಳಿತು. ಹಾಗಾಗಿ ನಮಗೆ ಬೇಕಿರುವುದು ಶಾಸನಸಭೆಯಲ್ಲಿ ಪಾಸಾದ ತಿದ್ದುಪಡಿ. ಕೃಷಿ ಭೂಮಿ ಬಿಟ್ಟು ಉಳಿದ ಸ್ವತ್ತಿನ ವರ್ಗಾವಣೆ, ಪತ್ರಗಳ ನೋಂದಣಿ ಎರಡೂ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿವೆ, ಅಂದರೆ ಕೇಂದ್ರವೂ ರಾಜ್ಯವೂ ಕಾನೂನು ಮಾಡಬಹುದು. ರಾಜ್ಯ ತಿದ್ದುಪಡಿ ಮಾಡಿ ರಾಷ್ಟ್ರಪತಿಗಳ ಅಂಕಿತ ಪಡೆಯಬಹುದು. ಸಬ್ ರಿಜಿಸ್ಟ್ರಾರ್ ನಮೂನೆಯಲ್ಲಿರುವುದು ನಿಜವೋ ಸುಳ್ಳೋ ಅಂತ ತೀರ್ಪು ಕೊಡಬೇಕಿಲ್ಲ. ನಮೂನೆ ಇದೆಯೋ ಇಲ್ಲವೋ ನೋಡಿದರೆ ಸಾಕು.

ಮಾರುವವರು ಹೆದರುತ್ತಾರೆ, ರೇಟು ಬೀಳುತ್ತದೆ ಅನ್ನುವ ಮಾತು ಬರುತ್ತದೆ. ನೀರು ನುಗ್ಗುವ ಮನೆಯ ರೇಟು ಬೀಳಲೇಬೇಕು, ಅಲ್ವಾ? ಬೀಳದೆ ಹೋದರೆ ಆ ನಷ್ಟ ಕೊಂಡವರ ತಲೆ ಮೇಲೆ ಬೀಳುತ್ತದೆ. ಇನ್ನು ನಿಯತ್ತಿನಿಂದ ಮಾರುವವರಿಗೆ ಈ ಕಾಗದ ರಕ್ಷಣೆ. ಗಂಡ ತೀರಿಕೊಂಡ ಮೇಲೆ ಮನೆ ಮಾರಿ ಮಗಳ ಮನೆ ಸೇರುವ ಹಿರಿಯ ಹೆಂಗಸನ್ನು ಯೋಚಿಸಿ. "ಹಿಂದಿನ ಗೋಡೆ ಸೋರುತ್ತದೆ" ಅಂತ ಬರೆದು ಕೊಟ್ಟಿದ್ದರೆ, ಎರಡು ವರ್ಷ ಬಿಟ್ಟು ಯಾರೂ ಅದೇ ಗೋಡೆ ತೋರಿಸಿ ಅವರಿಗೆ ಲಾಯರ್ ನೋಟಿಸ್ ಕಳಿಸಲಾರರು. ವಿದೇಶದಲ್ಲಿದ್ದು ಊರಿನ ಮನೆ ಮಾರುವವರಿಗೆ ಎಷ್ಟೋ ಸಂಗತಿ ಗೊತ್ತಿರುವುದಿಲ್ಲ. ಅವರಿಗೆ "ಗೊತ್ತಿಲ್ಲ" ಅನ್ನುವ ಚೌಕವೂ ಇರಲಿ. ಅದನ್ನು ನೋಡಿದರೆ ಎಲ್ಲಿ ಇಂಜಿನಿಯರ್ ಕರೆಸಬೇಕು ಅಂತ ಕೊಳ್ಳುವವರಿಗೆ ತಿಳಿಯುತ್ತದೆ.

60 ಲಕ್ಷದ ಒಂದು ಮನೆಯ ಲೆಕ್ಕ ನೋಡಿ. ಶೇ 5 ಮುದ್ರಾಂಕ ಶುಲ್ಕ ಅಂದರೆ 3 ಲಕ್ಷ ರೂಪಾಯಿ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ ಶೇ 2 ಆಯಿತು, ಅದು 1.2 ಲಕ್ಷ. ಸೆಸ್ಸು, ಸರ್ಚಾರ್ಜು ಬೇರೆ. ನಾಲ್ಕು ಲಕ್ಷಕ್ಕೂ ಮೀರಿ ಸರ್ಕಾರಕ್ಕೆ ಕಟ್ಟುವ ಕುಟುಂಬ, ತಾನು ಏನನ್ನು ಕೊಳ್ಳುತ್ತಿದ್ದೇನೆ ಅನ್ನುವುದಕ್ಕೆ ಒಂದು ನಾಲ್ಕು ಪುಟದ ಕಾಗದ ಕೇಳುವುದು ಜಾಸ್ತಿಯೇನಲ್ಲ.

ಈ ಪತ್ರ ಓದುತ್ತಿರುವ, ಮನೆ ಹುಡುಕುತ್ತಿರುವ ಇತರರಿಗೂ ಒಂದು ಮಾತು. ಕಾನೂನು ಬದಲಾಗುವ ತನಕ ಕಾಯಬೇಡಿ. ಅದೇ 55ನೇ ಕಲಂನಲ್ಲಿ ಇನ್ನೊಂದು ಅನುಕೂಲ ಇದೆ. ಸ್ವತ್ತು ಮತ್ತು ಹಕ್ಕಿನ ಬಗ್ಗೆ ಕೊಳ್ಳುವವರು ಕೇಳುವ ಸಂಬಂಧಪಟ್ಟ ಪ್ರಶ್ನೆಗಳಿಗೆಲ್ಲ ಮಾರುವವರು ತಮಗೆ ತಿಳಿದ ಮಟ್ಟಿಗೆ ಉತ್ತರ ಕೊಡಬೇಕು. ಹಾಗಾಗಿ ಪ್ರಶ್ನೆಗಳನ್ನು ಬರೆದು ಕೊಡಿ, ಉತ್ತರ ಬರವಣಿಗೆಯಲ್ಲೇ ಕೇಳಿ. ವಾಟ್ಸ್‌ಆ್ಯಪ್‌ನಲ್ಲಾದರೂ ಸರಿ. ಅದನ್ನು ಅಗ್ರಿಮೆಂಟಿಗೆ ಲಗತ್ತಿಸಿ. "ನಂಬಿಕೆ ಇಲ್ವಾ?" ಅಂತ ಬ್ರೋಕರ್ ಬೇಸರ ಮಾಡಿಕೊಂಡರೆ ಮಾಡಿಕೊಳ್ಳಲಿ. ಉತ್ತರ ಬರುವ ತನಕ ಟೋಕನ್ ಕೊಡಬೇಡಿ.

ಸಚಿವರಲ್ಲಿ ನನ್ನ ಬೇಡಿಕೆ ಇಷ್ಟು. ನಮೂನೆಯ ಕರಡನ್ನು ಸರಳ ಕನ್ನಡದಲ್ಲಿ ಪ್ರಕಟಿಸಿ. ಪತ್ರ ಬರಹಗಾರರು, ವಕೀಲರು, ಅಪಾರ್ಟ್‌ಮೆಂಟ್ ಸಂಘಗಳು, ಮನೆ ಮಾರಿದವರು, ಕೊಂಡವರು ಎಲ್ಲರಿಂದ ಆಕ್ಷೇಪಣೆ ಕರೆಯಿರಿ. ಬರುವ ಅಧಿವೇಶನದಲ್ಲಿ ತಿದ್ದುಪಡಿ ಮಸೂದೆ ಮಂಡಿಸಿ. ಮಳೆನೀರಿನ ಪ್ರಶ್ನೆ ಮೊದಲ ಪುಟದಲ್ಲೇ ಇರಲಿ.

ಇಂತಿ,
ಬೆಂಗಳೂರಿನ ಒಬ್ಬ ನಾಗರಿಕ